ಬಾಗಿಲಿಗೆ ರ‍್ಯಾಂಪ್ ಬಂತು, ಪೀಠಕ್ಕೆ?

ಭದ್ರಾವತಿಯಲ್ಲಿರುವ ನಮ್ಮ ದೊಡ್ಡಪ್ಪ ಇಪ್ಪತ್ತು ವರ್ಷ ತಮ್ಮ ಕ್ರೈಸ್ತ ದೇವಾಲಯದಲ್ಲಿ ಭಾನುವಾರದ ಮೊದಲ ವಾಚನ ಓದಿದವರು. ಯೆಶಾಯನಾಗಲಿ ಯೆರೆಮೀಯನಾಗಲಿ, ಅವರ ಬಾಯಲ್ಲಿ ಬಂದರೆ ಮಕ್ಕಳೂ ಗಲಾಟೆ ನಿಲ್ಲಿಸುತ್ತಿದ್ದರು. ಸಕ್ಕರೆ ಕಾಯಿಲೆ ಹೆಚ್ಚಾಗಿ ಎಡಗಾಲನ್ನು ಮಂಡಿಯ ಕೆಳಗೆ ತೆಗೆಸಬೇಕಾಯಿತು. ಮೂರು ತಿಂಗಳ ಮೇಲೆ ಗಾಲಿಕುರ್ಚಿಯಲ್ಲಿ ಪೂಜೆಗೆ ಹೋದರು. ಮುಂಬಾಗಿಲಿಗೆ ಐದು ಮೆಟ್ಟಿಲು. ನಾಲ್ಕು ಜನ ಹುಡುಗರು ಓಡಿಬಂದು ಕುರ್ಚಿಸಮೇತ ಎತ್ತಿದರು. ಒಬ್ಬರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ದೊಡ್ಡಪ್ಪ ಮನೆಗೆ ಬಂದವರೇ, "ಅಕ್ಕಿ ಮೂಟೆ ಎತ್ತಿದ ಹಾಗೆ ಎತ್ತುತ್ತಾರೆ ಕಣೋ. ಬೀಳಿಸಿಬಿಟ್ಟರೆ ಅಂತ ನನಗೆ ಜೀವ ಬಾಯಿಗೆ ಬಂದಿರುತ್ತೆ, ಇಳಿಸಿದ ಮೇಲೆ ಥ್ಯಾಂಕ್ಸ್ ಬೇರೆ ಹೇಳಬೇಕು" ಅಂದರು.

ಮರುವರ್ಷ ಹಬ್ಬದ ಹೊತ್ತಿಗೆ ರ‍್ಯಾಂಪ್ ಬಂತು, ಜೊತೆಗೆ ದಾನಿಗಳ ಹೆಸರಿನ ಗ್ರಾನೈಟ್ ಕಲ್ಲೂ. ನಾನು ಟೇಪು ಹಿಡಿದು ಅಳೆದೆ. 8 ಅಡಿ. ಅರ್ಧ ಅಡಿಯ ಐದು ಮೆಟ್ಟಿಲೆಂದರೆ ಎರಡೂವರೆ ಅಡಿ ಎತ್ತರ. 1 ಅಡಿ ಏರಲು 12 ಅಡಿ ಉದ್ದ ಬೇಕು ಎನ್ನುವುದು ಸರ್ಕಾರದ ಮಾರ್ಗಸೂಚಿಯ ಲೆಕ್ಕ. ಅಂದರೆ ಅಲ್ಲಿ 30 ಅಡಿ ಬೇಕಿತ್ತು. 8 ಅಡಿಯಲ್ಲಿ ಏರಿಸಿದ್ದು ಲಾರಿಗೆ ಮೂಟೆ ಹತ್ತಿಸುವ ಹಲಗೆಯಷ್ಟೇ ಕಡಿದಾಗಿದೆ. ಎತ್ತುತ್ತಿದ್ದ ನಾಲ್ವರ ಜಾಗಕ್ಕೆ ಈಗ ತಳ್ಳುವ ಇಬ್ಬರು ಬಂದಿದ್ದಾರೆ, ಅಷ್ಟೇ.

ಒಳಗೆ ಹೋದ ಮೇಲೆ ಇನ್ನೂ ಮೂರು ಮೆಟ್ಟಿಲಿವೆ. ಅವು ಬಲಿಪೀಠಕ್ಕೆ ಹತ್ತುವ ಮೆಟ್ಟಿಲು. ವಾಚನ ಓದುವ ಸ್ಟ್ಯಾಂಡು ಇರುವುದು ಅದರ ಮೇಲೆ. ಅಲ್ಲಿಗೆ ರ‍್ಯಾಂಪ್ ಹಾಕಬೇಕೆಂದು ಯಾರಿಗೂ ಹೊಳೆದಿಲ್ಲ. ವಾಚಕರ ಪಟ್ಟಿಯಿಂದ ದೊಡ್ಡಪ್ಪನ ಹೆಸರನ್ನು ಯಾರೂ ತೆಗೆಯಲಿಲ್ಲ. ಮುಂದಿನ ತಿಂಗಳ ಪಟ್ಟಿ ಮಾಡುವಾಗ ಯಾರೂ ಬರೆಯಲಿಲ್ಲ, ಅಷ್ಟೇ. ಆ ದೇವಾಲಯ ಯಾವುದೆಂದು ಹೇಳುವುದಿಲ್ಲ. ನಮ್ಮ ಕಡೆಯ ಎಷ್ಟೋ ದೇವಾಲಯಗಳ ಬಾಗಿಲಿನಲ್ಲಿ ಒಮ್ಮೆ ಕಣ್ಣಾಡಿಸಿದರೆ, ಹೇಳಬೇಕಾದ ಅಗತ್ಯವೂ ಕಾಣುವುದಿಲ್ಲ. ಕ್ರೈಸ್ತ ಸಭೆಯಲ್ಲಿ ಅಂಗವಿಕಲರಿಗೆ ಏನು ಜಾಗ ಎಂಬ ಪ್ರಶ್ನೆಯನ್ನು ನಾನು ನೋಡುವುದು ಈ ಎರಡು ಸೆಟ್ ಮೆಟ್ಟಿಲುಗಳ ನಡುವಿನ ಅಂಗಳದಲ್ಲಿ ನಿಂತು. ಹೊರಗಿನ ಐದು ಮೆಟ್ಟಿಲನ್ನು ನಾವು ಕರುಣೆಯಿಂದ ದಾಟಿಸುತ್ತೇವೆ. ಒಳಗಿನ ಮೂರರ ಹತ್ತಿರ ಬಂದಾಗ ಸುಮ್ಮನಾಗುತ್ತೇವೆ.

ಶಿವಮೊಗ್ಗಕ್ಕೂ ಭದ್ರಾವತಿಗೂ ಬಿ.ಎಚ್. ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು ದೂರ. ಅಷ್ಟರೊಳಗೆ ಎರಡು ಕ್ಯಾಥೊಲಿಕ್ ಧರ್ಮಕ್ಷೇತ್ರಗಳ ಕೇಂದ್ರಗಳಿವೆ. ಲ್ಯಾಟಿನ್ ವಿಧಿಯ ಶಿವಮೊಗ್ಗ ಧರ್ಮಕ್ಷೇತ್ರ ಹುಟ್ಟಿದ್ದು 1988ರಲ್ಲಿ, ಸಿರೋ ಮಲಬಾರ್ ವಿಧಿಯ ಭದ್ರಾವತಿ ಧರ್ಮಕ್ಷೇತ್ರ 2007ರಲ್ಲಿ. ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯದ ವಿಸ್ತಾರವನ್ನು ಹೊರ ಊರಿನವರೂ ಬಂದು ನೋಡಿ ಹೋಗುತ್ತಾರೆ. ಇವಲ್ಲದೆ ಸಿ.ಎಸ್.ಐ. ಸಭೆಗಳಿವೆ, ಬಾಡಿಗೆ ಹಾಲುಗಳಲ್ಲಿ ನಡೆಯುವ ಪೆಂತೆಕೊಸ್ತ್ ಸಭೆಗಳಿವೆ. ಭದ್ರಾವತಿಯ ಕ್ರೈಸ್ತರ ಕಥೆಯನ್ನು ಕಾರ್ಖಾನೆಯಿಂದ ಬಿಡಿಸಿ ಹೇಳಲಾಗುವುದಿಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದ ಮೇಲೆ, 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದ ಮೇಲೆ, ತಮಿಳರು, ಮಲಯಾಳಿಗಳು, ಕೊಂಕಣಿಗರು ಎಲ್ಲರೂ ಬಂದು ಕ್ವಾರ್ಟರ್ಸಿನಲ್ಲಿ ನೆಲೆಸಿದರು. ಈಗ ಕಾಗದದ ಕಾರ್ಖಾನೆ ನಿಂತಿದೆ, ಕಬ್ಬಿಣದ್ದು ಕುಂಟುತ್ತಿದೆ. (ನೋಡಿ, ಅಂಗವಿಕಲತೆಯ ಬಗ್ಗೆ ಬರೆಯಲು ಕೂತವನ ಲೇಖನಿಗೂ ಇಂಥ ಕ್ರಿಯಾಪದವೇ ಮೊದಲು ಸಿಗುತ್ತದೆ.) ಮಕ್ಕಳು ಬೆಂಗಳೂರು, ಗಲ್ಫ್ ಸೇರಿದರು. ಉಳಿದವರಿಗೆ ಮಂಡಿನೋವು, ಪಾರ್ಶ್ವವಾಯು, ಕಣ್ಣಿನ ಪೊರೆ, ಸಕ್ಕರೆ. ಹಿಂದಿನ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಗಳ ಸಾಲು ವರ್ಷವರ್ಷಕ್ಕೂ ಉದ್ದವಾಗುತ್ತಿದೆ. ಮೊಣಕಾಲೂರಲಾಗದವರ ಸಾಲು ಅದು. ಅಂಗವಿಕಲರು ಎಂದರೆ ಯಾರೋ ನಾಲ್ಕು ಜನ ಎಂಬ ಭಾವನೆ ಇಂಥ ಊರಿನಲ್ಲಿ ಇನ್ನು ಹೆಚ್ಚು ದಿನ ನಡೆಯಲಾರದು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರು 13.24 ಲಕ್ಷ, ಜನಸಂಖ್ಯೆಯ ಶೇ 2ಕ್ಕಿಂತ ಸ್ವಲ್ಪ ಹೆಚ್ಚು. ಆಗ ಎಣಿಸಿದ ವಿಧಗಳು ಕಡಿಮೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ವಿಧಗಳನ್ನು ಗುರುತಿಸುತ್ತದೆ. ಈ ಕಾಯ್ದೆಯಲ್ಲಿ ನಮ್ಮ ದೇವಾಲಯಗಳ ಪಾಲನಾ ಪರಿಷತ್ತುಗಳು ಓದಲೇಬೇಕಾದ ಒಂದು ಪದವಿದೆ. ಸಾರ್ವಜನಿಕ ಕಟ್ಟಡ ಎಂದರೇನು ಎಂದು ವಿವರಿಸುವಾಗ ಕಾಯ್ದೆಯು ಶಾಲೆ, ಅಂಗಡಿ, ಕಚೇರಿಗಳ ಜೊತೆಯಲ್ಲೇ ಧಾರ್ಮಿಕ ಚಟುವಟಿಕೆಯ ಕಟ್ಟಡವನ್ನೂ ಹೆಸರಿಸುತ್ತದೆ, ಖಾಸಗಿ ಕಟ್ಟಡವಾದರೂ ಸರಿ. ಅಂದಮೇಲೆ ಚರ್ಚು, ಮಸೀದಿ, ದೇವಸ್ಥಾನ ಎಲ್ಲವೂ ಇದರೊಳಗೆ ಬಂದವು. ನಿಯಮಗಳು 2017ರ ಜೂನ್‌ನಲ್ಲಿ ಬಂದವು, ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಐದು ವರ್ಷದ ಗಡುವಿತ್ತು, ಅದು ಮುಗಿದೂ ಹೋಯಿತು. 2024ರ ನವೆಂಬರ್‌ನಲ್ಲಿ ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರವೇಶದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯುವಂತಿಲ್ಲ, ಕಡ್ಡಾಯದ ನಿಯಮ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ನಮ್ಮಲ್ಲಿ ಮಾತ್ರ ರ‍್ಯಾಂಪ್ ಇನ್ನೂ ದಾನಿಯ ಹೆಸರಿನ ಕಲ್ಲಿನೊಂದಿಗೆ ಬರುವ ಪುಣ್ಯಕಾರ್ಯ. ಶೌಚಾಲಯದ ಬಾಗಿಲು ಗಾಲಿಕುರ್ಚಿ ಹಿಡಿಸುವಷ್ಟು ಅಗಲ ಇರಬೇಕೆಂಬ ಮಾತಿನ ಮೇಲಂತೂ ಯಾರೂ ಹೆಸರು ಕೆತ್ತಿಸಲು ಮುಂದೆ ಬರುವುದಿಲ್ಲ.

ಕಟ್ಟಡದ ವಿಷಯ ಸುಲಭ, ಸಿಮೆಂಟಿನಲ್ಲಿ ಮುಗಿಯುತ್ತದೆ. ಕಷ್ಟ ಇರುವುದು ಪ್ರಾರ್ಥನೆಯಲ್ಲಿ.

ಶಿವಮೊಗ್ಗ ಸೀಮೆಯ ಕ್ರೈಸ್ತರಿಗೆ ಸೆಪ್ಟೆಂಬರ್ 8 ಎಂದರೆ ಹರಿಹರದ ಆರೋಗ್ಯ ಮಾತೆಯ ಹಬ್ಬ. ಬರಿಗಾಲಲ್ಲಿ ನಡೆದು ಹೋಗುವವರಿದ್ದಾರೆ, ಮಗುವನ್ನು ಹೊತ್ತು ಹೋಗುವವರಿದ್ದಾರೆ. ಹರಕೆಗೆ ಕೈ ಹಾಕುವ ಧೈರ್ಯ ನನಗಿಲ್ಲ, ಬೇಕಾಗಿಯೂ ಇಲ್ಲ. ಆದರೆ ಗುಣವಾಗಲಿ ಎಂಬ ಪ್ರಾರ್ಥನೆ ಎಲ್ಲಿ ತಿರುವು ತೆಗೆದುಕೊಳ್ಳುತ್ತದೆಂದು ಒಬ್ಬ ತಾಯಿ ನನಗೆ ತೋರಿಸಿಕೊಟ್ಟರು. ಅವರ ಮಗಳಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಸ್ವಸ್ಥತಾ ಪ್ರಾರ್ಥನಾ ಕೂಟವೊಂದಕ್ಕೆ ವರ್ಷವಿಡೀ ಕರೆದುಕೊಂಡು ಹೋದರು. ಪ್ರತಿಸಲ ಮಗುವನ್ನು ವೇದಿಕೆಯ ಮುಂದೆ ತಂದು ತಲೆಯ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸುತ್ತಿದ್ದರು. ಆ ಸದ್ದಿಗೆ ಮಗುವಿನ ಮೈ ಸೆಟೆದುಕೊಳ್ಳುತ್ತಿತ್ತು. ಕೊನೆಗೆ ಒಂದು ದಿನ ಅಲ್ಲಿನ ಹಿರಿಯರೊಬ್ಬರು ಪಕ್ಕಕ್ಕೆ ಕರೆದು, ಮನೆಯಲ್ಲಿ ಏನಾದರೂ ಅರಿಕೆ ಮಾಡದ ಪಾಪ ಉಳಿದಿದೆಯಾ ಅಂತ ಕೇಳಿದರಂತೆ. "ಅವತ್ತೇ ಬಿಟ್ಟೆ ಸಾರ್" ಅಂದರು. "ಅವಳಿಗೆ ಹಾಡು ಅಂದ್ರೆ ಇಷ್ಟ. ಯಾರೂ ಅವಳನ್ನ ಹಾಡಿಗೆ ಕರೀಲಿಲ್ಲ, ಬರೀ ವಾಸಿಮಾಡೋಕೆ ಕರೆದ್ರು."

ಯಾರ ಪಾಪ ಎಂಬ ಆ ಪ್ರಶ್ನೆಯನ್ನು ಶಿಷ್ಯರೇ ಕೇಳಿದ್ದು ಯೋಹಾನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿದೆ. ಹುಟ್ಟುಕುರುಡನದ್ದೂ ಅಲ್ಲ, ತಂದೆತಾಯಿಯದ್ದೂ ಅಲ್ಲ ಎಂದು ಯೇಸು ತಳ್ಳಿಹಾಕಿದ್ದೂ ಅಲ್ಲೇ ಇದೆ. ತಪಸ್ಸು ಕಾಲದಲ್ಲಿ ಎಷ್ಟೋ ಸಲ ಓದುತ್ತೇವೆ, ಹೊರಗೆ ಬಂದು ಅದೇ ಪ್ರಶ್ನೆ ಕೇಳುತ್ತೇವೆ. ಬೈಬಲ್ ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತಾಡುವುದಿಲ್ಲ ಎನ್ನುವುದನ್ನೂ ಒಪ್ಪಬೇಕು. ಯಾಜಕಕಾಂಡದ 21ನೆಯ ಅಧ್ಯಾಯ ಆರೋನನ ವಂಶದ ಕುರುಡ, ಕುಂಟ, ಗೂನುಬೆನ್ನಿನವ ಬಲಿಪೀಠದ ಹತ್ತಿರ ಬರಬಾರದೆಂದು ವಿಧಿಸುತ್ತದೆ. ಆದರೆ ಅವನು ಪವಿತ್ರ ಅನ್ನವನ್ನು ಉಣ್ಣಬಹುದು. ನಮ್ಮ ದೊಡ್ಡಪ್ಪನ ಸ್ಥಿತಿ ಅಕ್ಷರಶಃ ಇದೇ: ಪ್ರಸಾದ ಸಿಗುತ್ತದೆ, ಪೀಠ ಸಿಗುವುದಿಲ್ಲ. ಇನ್ನೊಂದು ಕಡೆ, ಎರಡೂ ಕಾಲು ಊನವಾಗಿದ್ದ ಮೆಫೀಬೋಶೆತನನ್ನು ದಾವೀದ ದಿನವೂ ತನ್ನ ಪಂಕ್ತಿಯಲ್ಲೇ ಕೂರಿಸಿಕೊಂಡ. ಲೂಕನ 14ನೆಯ ಅಧ್ಯಾಯದಲ್ಲಿ ಔತಣಕ್ಕೆ ಯಾರನ್ನು ಕರೆಯಬೇಕೆಂಬ ಪಟ್ಟಿಯೇ ಇದೆ. ಮಾರ್ಕನಲ್ಲಿ ನಾಲ್ವರು ಗೆಳೆಯರು ಮಾಳಿಗೆ ಬಿಚ್ಚಿ ಪಾರ್ಶ್ವವಾಯುವಿನವನನ್ನು ಕೆಳಗಿಳಿಸುತ್ತಾರೆ. ಈ ಭಾಗದ ಪ್ರಬೋಧನೆ ಕೇಳಿ ಬಂದ ದಿನ ದೊಡ್ಡಪ್ಪ ನಕ್ಕಿದ್ದರು: "ಅವರು ಮಾಡು ಕಿತ್ತರು, ನಮ್ಮವರಿಗೆ ಮೈಕ್ ಸ್ಟ್ಯಾಂಡ್ ಬಗ್ಗಿಸೋಕೆ ಆಗಲ್ಲ."

ಅಮೆರಿಕದ ನ್ಯಾನ್ಸಿ ಐಸ್ಲ್ಯಾಂಡ್ 1994ರಲ್ಲಿ ಬರೆದ 'ದಿ ಡಿಸೇಬಲ್ಡ್ ಗಾಡ್' ಎಂಬ ಪುಸ್ತಕ ಈ ಚರ್ಚೆಯ ದಿಕ್ಕನ್ನೇ ತಿರುಗಿಸಿತು. ಹುಟ್ಟಿನಿಂದಲೇ ಮೂಳೆಯ ತೊಂದರೆ ಇದ್ದ ಆಕೆ ಹಿಡಿದುಕೊಂಡದ್ದು ಸರಳವಾದ ಒಂದು ಅಂಶವನ್ನು. ಪುನರುತ್ಥಾನವಾದ ಮೇಲೂ ಕ್ರಿಸ್ತನ ಕೈಕಾಲಿನ ಗಾಯ ಮಾಯಲಿಲ್ಲ, ಆ ಗಾಯಗಳಿಂದಲೇ ಶಿಷ್ಯರು ಗುರುತು ಹಿಡಿದರು. ಹಾಗಾದರೆ ಸ್ವರ್ಗದಲ್ಲಿ ಎಲ್ಲರೂ ನೇರ ನಡೆಯುತ್ತಾರೆಂದು ನಮಗೆ ಹೇಳಿದವರು ಯಾರು? ಜಾಗತಿಕ ಸಭೆಗಳ ಒಕ್ಕೂಟ 1998ರಲ್ಲಿ ಅಂಗವಿಕಲರದೇ ಒಂದು ಜಾಲ ಕಟ್ಟಿ, 2003ರಲ್ಲಿ ಸಭೆ ಎಲ್ಲರದೂ ಎಲ್ಲರಿಗಾಗಿಯೂ ಎಂಬ ಅರ್ಥದ ಹೇಳಿಕೆ ಹೊರಡಿಸಿತು. ಅದು ನಮ್ಮ ಭಾನುವಾರದ ಪ್ರಬೋಧನೆಗಳವರೆಗೆ ಇಳಿದು ಬಂದಂತೆ ನನಗೆ ಕಾಣಲಿಲ್ಲ.

ಪೀಠದ ಮೆಟ್ಟಿಲಿನ ಇತಿಹಾಸ ಇನ್ನೂ ಸ್ವಾರಸ್ಯದ್ದು. 1917ರ ಕ್ಯಾಥೊಲಿಕ್ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ದೇಹದ ಊನ ಗುರುದೀಕ್ಷೆಗೆ ಅಡ್ಡಿಯೆಂದೇ ಇತ್ತು. ಹಳೆಯ ಸಂಪ್ರದಾಯದಲ್ಲಿ ಎಡಗಣ್ಣಿಗೆ ಬೇರೆಯೇ ಮಾನ. ಪೂಜಾಗ್ರಂಥ ಪೀಠದ ಎಡಕ್ಕೆ ಇರುತ್ತಿದ್ದುದರಿಂದ ಎಡಗಣ್ಣು ಹೋದವನು ಮುಖ ತಿರುಗಿಸದೆ ಓದಲಾರ ಎಂಬ ಲೆಕ್ಕ! 1983ರ ಹೊಸ ಸಂಹಿತೆ ದೈಹಿಕ ಊನದ ಈ ಅಡ್ಡಿಯನ್ನು ಕೈಬಿಟ್ಟಿತು. 2024ರ ಮೇ ತಿಂಗಳಲ್ಲಿ ಪಕ್ಕದ ಕೇರಳದ ತ್ರಿಶ್ಶೂರಿನಲ್ಲಿ ಹೋಲಿ ಕ್ರಾಸ್ ಸಭೆಯ ಜೋಸೆಫ್ ತೇರ್ಮಾಡಂ ಗುರುದೀಕ್ಷೆ ಪಡೆದರು. ಹುಟ್ಟಿನಿಂದ ಕಿವಿ ಕೇಳದ, ಮಾತು ಬಾರದ ಅವರು ಸನ್ನೆ ಭಾಷೆಯಲ್ಲೇ ಪೂಜೆ ಅರ್ಪಿಸುತ್ತಾರೆ. ಭಾರತದ ಮೊದಲ ಕಿವುಡ ಗುರು ಎಂದು ಅವರನ್ನು ಕರೆಯುತ್ತಾರೆ. ಇತ್ತ ರೋಮಿನಲ್ಲಿ 2022ರ ಮೇ ತಿಂಗಳಿಂದ ಪೋಪ್ ಫ್ರಾನ್ಸಿಸ್ ಅವರೇ ಗಾಲಿಕುರ್ಚಿಯಲ್ಲಿ ಜನರೆದುರು ಬಂದರು. ಆ ಫೋಟೋ ನಮ್ಮ ಎಷ್ಟೋ ಮನೆಗಳಲ್ಲಿದೆ. ಅವರು ನಮ್ಮೂರಿಗೆ ಬಂದಿದ್ದರೆ ಯಾವ ಕಡೆಯಿಂದ ಪೀಠ ಹತ್ತಿಸುತ್ತಿದ್ದೆವು ಎಂದು ಯೋಚಿಸಿ ನೋಡಿ. ಒಂದೇ ರಾತ್ರಿಯಲ್ಲಿ ರ‍್ಯಾಂಪ್ ಆಗುತ್ತಿತ್ತು.

ಸೇವೆಯ ವಿಷಯದಲ್ಲಿ ಕ್ರೈಸ್ತರ ದಾಖಲೆಯನ್ನು ಯಾರೂ ಸಣ್ಣದು ಮಾಡಲಾಗದು. ಪ್ಯಾರಿಸ್ಸಿನಲ್ಲಿ 18ನೆಯ ಶತಮಾನದಲ್ಲಿ ಕಿವುಡ ಮಕ್ಕಳಿಗೆ ಶಾಲೆ ತೆರೆದ ಅಬೆ ದೆ ಲೆಪೆ ಒಬ್ಬ ಪಾದ್ರಿ. ಕಿವಿ ಕೇಳದವರಿಗೆ ಧರ್ಮೋಪದೇಶ ಹೇಗೆ ಮುಟ್ಟಿಸುವುದೆಂಬ ಚಿಂತೆಯಿಂದ ಅವರು ಸನ್ನೆಯ ದಾರಿ ಹಿಡಿದರು. ಲೂಯಿ ಬ್ರೈಲ್ ಚರ್ಚಿನ ಆರ್ಗನ್ ವಾದಕ. ಭಾರತದ ಮೊದಲ ಅಂಧರ ಶಾಲೆಯನ್ನು 1887ರಲ್ಲಿ ಅಮೃತಸರದಲ್ಲಿ ತೆರೆದವರು ಆನಿ ಶಾರ್ಪ್ ಎಂಬ ಮಿಷನರಿ. ನಮ್ಮ ರಾಜ್ಯದಲ್ಲಿ ಮಂಗಳೂರಿನ ಸಂತ ಆಗ್ನೆಸ್ ವಿಶೇಷ ಶಾಲೆ, ಪಾಂಬೂರಿನ ಮಾನಸ, ಕುಷ್ಠರೋಗಿಗಳಿಗೆ ನೆಲೆಯಾಗಿ ಶುರುವಾದ ಬೆಂಗಳೂರಿನ ಸುಮನಹಳ್ಳಿ, ಹೀಗೆ ಹೇಳುತ್ತ ಹೋಗಬಹುದು.

ಈ ಹೆಮ್ಮೆಯ ಪಟ್ಟಿಯಲ್ಲೇ ನಮ್ಮ ತೊಡಕೂ ಅಡಗಿದೆ. ಅಂಗವಿಕಲರಿಗೆ ಒಂದು ಸಂಸ್ಥೆ ಇದೆ ಎಂದಾದಾಗ ಧರ್ಮಕೇಂದ್ರ ನಿರಾಳವಾಗುತ್ತದೆ. ಸಿಸ್ಟರುಗಳು ನೋಡಿಕೊಳ್ಳುತ್ತಾರೆ, ನಾವು ಕ್ರಿಸ್ಮಸ್‌ಗೆ ಕೇಕು ಕೊಟ್ಟು, ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನಕ್ಕೆ ಒಂದು ಹಾಡು ಹಾಡಿಸಿ ಬರುತ್ತೇವೆ. ಅವರಿಗೂ ನಮಗೂ ನಡುವಿನ ಈ ಗೋಡೆಯನ್ನು ಒಡೆಯಹೊರಟ ಪ್ರಯೋಗವೂ ಕರ್ನಾಟಕದಲ್ಲಿ ನಡೆದಿದೆ. ಬುದ್ಧಿಮಾಂದ್ಯರೂ ಅಲ್ಲದವರೂ ಒಂದೇ ಮನೆಯಲ್ಲಿ ಬಾಳುವ ಲಾರ್ಶ್ ಸಮುದಾಯದ ಭಾರತದ ಮೊದಲ ಮನೆ, ಆಶಾ ನಿಕೇತನ, ಬೆಂಗಳೂರಿನಲ್ಲಿ ತೆರೆದದ್ದು 1970ರಲ್ಲಿ. ಅಲ್ಲಿ ಆರೈಕೆ ಮಾಡುವವರು, ಮಾಡಿಸಿಕೊಳ್ಳುವವರು ಎಂಬ ಎರಡು ಪಂಕ್ತಿ ಇರಬಾರದು ಎನ್ನುವುದು ಮೂಲ ಕಲ್ಪನೆ, ಒಂದೇ ಮೇಜು. ಲಾರ್ಶ್ ಸ್ಥಾಪಕ ಜಾನ್ ವಾನಿಯೇ ಅವರನ್ನು ಜಗತ್ತು ಸಂತರಂತೆ ಕಂಡಿತ್ತು. ಅವರು ತೀರಿಕೊಂಡ ಮರುವರ್ಷ, 2020ರಲ್ಲಿ, ಆ ಸಂಸ್ಥೆಯೇ ಮಾಡಿಸಿದ ತನಿಖೆಯಲ್ಲಿ ಅವರು ಹಲವು ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದು ಹೊರಬಂತು. ಆ ಮಹಿಳೆಯರು ಅಂಗವಿಕಲರಾಗಿರಲಿಲ್ಲ. ಆದರೂ, ಕರುಣೆಯ ಕೆಲಸಕ್ಕೆ ನಿಂತವರನ್ನು ಪ್ರಶ್ನಿಸಬಾರದೆಂಬ ನಮ್ಮ ಅಭ್ಯಾಸ ಎಷ್ಟು ದುಬಾರಿ ಎಂದು ಆ ವರದಿ ಓದಿದವರಿಗೆ ಗೊತ್ತು. ಒಂದೇ ಮೇಜು ಎಂಬ ಕಲ್ಪನೆಯನ್ನು ಅದಕ್ಕಾಗಿ ಎಸೆಯಬೇಕೆಂದು ನನಗನಿಸುವುದಿಲ್ಲ. ಅದನ್ನು ಇಷ್ಟು ವರ್ಷ ಬಾಳಿ ತೋರಿಸಿದವರು ಆ ಮನೆಗಳ ಜನ.

ಬುದ್ಧಿಮಾಂದ್ಯ ಮಕ್ಕಳ ಪ್ರಥಮ ಪರಮಪ್ರಸಾದದ ಪ್ರಶ್ನೆ ಬಂದಾಗ ಧರ್ಮಕೇಂದ್ರಗಳು ಹೆಚ್ಚು ತಡವರಿಸುತ್ತವೆ. ಶಿವಮೊಗ್ಗದಲ್ಲಿ ಧರ್ಮೋಪದೇಶ ಕಲಿಸುವ ನನ್ನ ಗೆಳತಿಯ ತರಗತಿಗೆ ಡೌನ್ ಸಿಂಡ್ರೋಮ್ ಇರುವ ಹುಡುಗನೊಬ್ಬ ಬರುತ್ತಿದ್ದ. ಹತ್ತು ಆಜ್ಞೆ ಬಾಯಿಪಾಠ ಬರಲಿಲ್ಲ, ಪಾಪನಿವೇದನೆಯ ಪ್ರಾರ್ಥನೆ ಅರ್ಧಕ್ಕೇ ನಿಲ್ಲುತ್ತಿತ್ತು. ಮುಂದಿನ ವರ್ಷ ನೋಡೋಣ ಎಂದು ಎರಡು ವರ್ಷ ಕಳೆಯಿತು. ಮೂರನೆಯ ವರ್ಷ ಗೆಳತಿ ಒಂದು ತಟ್ಟೆಯಲ್ಲಿ ಚಪಾತಿ ಚೂರು, ಇನ್ನೊಂದರಲ್ಲಿ ಪರಮಪ್ರಸಾದಕ್ಕೆ ಬಳಸುವ, ಇನ್ನೂ ಪೂಜೆಗಿಡದ ಅಪ್ಪ ಇಟ್ಟು ಪೂಜೆಯಲ್ಲಿ ಯಾವುದು ಅಂತ ಕೇಳಿದಳು. ಹುಡುಗ ಅಪ್ಪದ ಕಡೆ ತೋರಿಸಿ, ಕೈಮುಗಿದು, ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದನಂತೆ. ಅವಳು ಫಾದರ್ ಹತ್ತಿರ ಹೋಗಿ ಇದನ್ನೇ ಹೇಳಿದಳು. ಅಷ್ಟು ಸಾಕಾಯಿತು. ಅಮೆರಿಕದ ಧರ್ಮಾಧ್ಯಕ್ಷರು 1995ರಲ್ಲೇ ಬರೆದಿಟ್ಟ ಮಾರ್ಗಸೂಚಿಯೂ ಇಷ್ಟನ್ನೇ ಕೇಳುತ್ತದೆ: ಸಾಮಾನ್ಯ ಊಟಕ್ಕೂ ಇದಕ್ಕೂ ಇರುವ ವ್ಯತ್ಯಾಸ ತಿಳಿದರೆ ಸಾಕು, ಅದನ್ನು ಮಾತಿನಲ್ಲೇ ಹೇಳಬೇಕಿಲ್ಲ, ಸನ್ನೆ, ಮೌನ ಯಾವುದಾದರೂ ಆಗುತ್ತದೆ, ಅನುಮಾನ ಬಂದರೆ ಮಗುವಿನ ಕಡೆಗೇ ತೀರ್ಪು. ಹಾಗೆ ನೋಡಿದರೆ ಬಾಯಿಪಾಠ ಒಪ್ಪಿಸಿ ಪ್ರಸಾದ ಪಡೆದು, ಪೂಜೆಯಿಡೀ ಮೊಬೈಲ್ ನೋಡುವ ನಮ್ಮಲ್ಲಿ ಎಷ್ಟು ಜನ ಆ ಎರಡು ತಟ್ಟೆಯ ಪರೀಕ್ಷೆ ಪಾಸಾಗುತ್ತೇವೋ.

ಕಿವಿ, ಕಣ್ಣಿನ ವಿಷಯದಲ್ಲಿ ಮಾಡಬೇಕಾದ್ದಕ್ಕೆ ದೊಡ್ಡ ಖರ್ಚಿಲ್ಲ. ಹಾಡಿನ ಸಾಲುಗಳನ್ನು ಪರದೆಯ ಮೇಲೆ ತೋರಿಸುವ ದೇವಾಲಯಗಳು ಈಗ ಬಂದಿವೆ. ಪ್ರಬೋಧನೆಯ ನಾಲ್ಕು ಸಾಲನ್ನು ಅದೇ ಪರದೆಗೆ ಹಾಕಿದರೆ ಕಿವುಡರಿಗೆ ಅವತ್ತಿನ ಪೂಜೆ ಅರ್ಥವಾಗುತ್ತದೆ. ವಯಸ್ಸಾದವರು, "ಮೈಕು ಕೂಗುತ್ತೆ, ಮಾತು ಕೇಳಿಸಲ್ಲ" ಎಂದು ಗೊಣಗುವುದು ಹೊಸ ಸೌಂಡ್ ಸಿಸ್ಟಮಿನ ಬೇಸ್ ಹೆಚ್ಚಾಗಿರುವುದರಿಂದ. ತಿರುಗಣಿ ಸ್ವಲ್ಪ ತಿರುವಿದರೆ ಸಾಕು. ಸನ್ನೆ ಭಾಷೆಗೆ ಜನ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಬ್ರೈಲಿನಲ್ಲಿ ಬೈಬಲ್ ಇಡೀ ಕಪಾಟು ತುಂಬುವಷ್ಟು ಸಂಪುಟಗಳಾಗುತ್ತದೆ, ಮನೆಯಲ್ಲಿ ಇಡಲೂ ಜಾಗ ಸಾಲದು. ಆದರೆ ಒಂದು ಭಾನುವಾರದ ವಾಚನ ಎರಡು ಮೂರು ಹಾಳೆ. ಶಿವಮೊಗ್ಗದಲ್ಲಿ ಶಾರದಾ ದೇವಿ ಅಂಧರ ವಿಕಾಸ ಕೇಂದ್ರವಿದೆ, ಬ್ರೈಲ್ ಬಲ್ಲವರು ಊರಲ್ಲೇ ಇದ್ದಾರೆ. ಅವರು ಕ್ರೈಸ್ತರಲ್ಲದಿದ್ದರೇನಂತೆ, ಕೇಳಿದರೆ ಒಂದು ಕೈ ಕೊಡದೆ ಇರಲಾರರು. ಬೆರಳಲ್ಲಿ ಓದುವವರು ಪೀಠದಲ್ಲಿ ನಿಂತು ವಾಚನ ಓದುವುದನ್ನು ನಾನಿನ್ನೂ ನೋಡಬೇಕಿದೆ.

ಹೆಸರಿನ ಜಗಳ ಬೇರೆ ಇದೆ. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಂದು ಹತ್ತು ವರ್ಷಕ್ಕೊಂದು ಪದ ಬದಲಾಗುತ್ತದೆ. ನಾನು ಅಂಗವಿಕಲ ಎಂದೇ ಬರೆದಿದ್ದೇನೆ, ದೊಡ್ಡಪ್ಪ ತಮ್ಮನ್ನು ಹಾಗೆ ಕರೆದುಕೊಳ್ಳುವುದರಿಂದ. ದಿವ್ಯಾಂಗ ಅಂದಾಗ ಅವರು ಮೊಂಡುಕಾಲು ತೋರಿಸಿ, "ಇದರಲ್ಲಿ ದಿವ್ಯ ಏನಪ್ಪಾ" ಅನ್ನುತ್ತಾರೆ.

ಕಳೆದ ಗರಿಗಳ ಭಾನುವಾರಕ್ಕೆ ಮೊದಲು ಧರ್ಮಕೇಂದ್ರಕ್ಕೆ ಹೊಸ ಸ್ವಾಮಿಗಳು ಬಂದರು. ವಾರ್ಡಿನ ಮನೆಗಳಿಗೆ ಭೇಟಿ ಕೊಡುತ್ತ ದೊಡ್ಡಪ್ಪನ ಮನೆಗೂ ಬಂದರು. ಪ್ರಸಾದ ಮನೆಗೇ ತಂದುಕೊಡಲೇ ಎಂದು ಕೇಳಿದಾಗ ದೊಡ್ಡಪ್ಪ, "ಪ್ರಸಾದಕ್ಕೆ ನಾನೇ ಬರ್ತೀನಿ ಸ್ವಾಮಿ, ನನಗೆ ಓದೋಕೆ ಕೊಡಿ" ಅಂದರು. ಸ್ವಾಮಿಗಳು ಸ್ವಲ್ಪ ಹೊತ್ತು ಯೋಚಿಸಿ, ಸ್ಟ್ಯಾಂಡನ್ನೇ ಕೆಳಗಿಳಿಸೋಣ ಎಂದರು. ಪಾಲನಾ ಪರಿಷತ್ತಿನಲ್ಲಿ ಒಬ್ಬಿಬ್ಬರು ಗೊಣಗಿದರಂತೆ, ವಾಚನ ಪೀಠದ ಮೇಲಿಂದಲೇ ಆಗಬೇಕಲ್ಲವೇ ಎಂದು. ಆದರೂ ನೋಟೀಸ್ ಬೋರ್ಡಿನ ಪಟ್ಟಿಯಲ್ಲಿ ಎರಡನೆಯ ಭಾನುವಾರದ ಎದುರು ದೊಡ್ಡಪ್ಪನ ಹೆಸರು ಬಂತು.

ಆ ಭಾನುವಾರ ನಾನು ಬೆಳಗಿನ ಬಸ್ಸಿಗೆ ಶಿವಮೊಗ್ಗದಿಂದ ಹೋದೆ. ಸ್ಟ್ಯಾಂಡನ್ನು ಮೂರು ಮೆಟ್ಟಿಲು ಇಳಿಸಿ, ಮೊದಲ ಬೆಂಚಿನ ಪಕ್ಕ ಇಟ್ಟಿದ್ದರು. ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅರ್ಧ ಗಂಟೆ ಮೊದಲೇ ಬಂದು, ಕನ್ನಡಕ ಒರೆಸಿಕೊಳ್ಳುತ್ತ ಕೂತಿದ್ದರು. ಮೈಕಿನ ಕಂಬ ಮಾತ್ರ ನಿಂತವರ ಎತ್ತರಕ್ಕೇ ಇತ್ತು. ಅದರ ತಿರುಪು ಎಷ್ಟೋ ವರ್ಷದಿಂದ ತಿರುಗಿಸದೆ ತುಕ್ಕು ಹಿಡಿದಿತ್ತು. ಗಾಯನ ಮಂಡಳಿಯಲ್ಲಿ ತಬಲಾ ಬಾರಿಸುವ ಹುಡುಗ ಸಿಸ್ಟರ್ ಹತ್ತಿರ ಕೊಬ್ಬರಿ ಎಣ್ಣೆ ಇಸಿದುಕೊಂಡು, ಬೈಕಿನ ಟೂಲ್ ಕಿಟ್ಟಿನಿಂದ ಕಟಿಂಗ್ ಪ್ಲೇಯರ್ ತಂದು, ಮೊಣಕಾಲೂರಿ ಕೂತ. ಆಚೆ ಮೊದಲ ಗಂಟೆ ಹೊಡೆಯಿತು.